ಸೋತವರ ಮನೆಗೆ ಹೋದ ಸರ್ವಮಂಗಳಾ

ಮೈಸೂರಿನ ವಿದ್ಯಾರಣ್ಯಪುರಂನಲ್ಲಿ ಸರ್ವಮಂಗಳಾ ಹೆಸರೆತ್ತಿದರೆ ಈಗಲೂ ಒಂದಿಬ್ಬರಾದರೂ ‘ಉಂಡ ಮನೆಗೆ ಎರಡು ಬಗೆದವಳು’ ಎನ್ನುತ್ತಾರೆ. ಅನ್ನಲಿ. ಊರ ಬಾಯಿಗೆ ಬೀಗ ಹಾಕಿದವರು ಯಾರಿದ್ದಾರೆ? ಆದರೆ ಆ ಮನೆಯಲ್ಲಿ ಅವಳಿಗೆ ಬಡಿಸಿದ್ದೇನು ಎಂದು ಕೇಳಿ ತಿಳಿದುಕೊಂಡು ಆಮೇಲೆ ಅಂದರೆ ಒಳ್ಳೆಯದು.

ಬೆಲ್ಲದ ಮಂಡಿ ಇಟ್ಟಿದ್ದ ಸಿದ್ದಮಲ್ಲಪ್ಪನವರಿಗೆ ಇಬ್ಬರೇ ಮಕ್ಕಳು. ದೊಡ್ಡವನು ಮಹಾಂತೇಶ್, ಅವನಿಗಿಂತ ಎರಡು ವರ್ಷ ಚಿಕ್ಕವಳು ಸರ್ವಮಂಗಳಾ. ಅವರ ಬೀದಿಯ ಕೊನೆಗೆ ಒಂದು ಕಲ್ಯಾಣ ಮಂಟಪವಿತ್ತು. ಅದರ ನುಣ್ಣನೆಯ ಮೊಸಾಯಿಕ್ ನೆಲ ಕಂಡು ಆಸೆಪಟ್ಟ ದೊರೆಸ್ವಾಮಿ ಎಂಬ ಡ್ರಿಲ್ ಮೇಷ್ಟ್ರು ಅಲ್ಲೊಂದು ಸ್ಕೇಟಿಂಗ್ ಕ್ಲಬ್ ತೆರೆದರು. ಮಂಜುಗಡ್ಡೆಯ ಮೇಲೆ ಜಾರುವುದು ಟಿ.ವಿ.ಯಲ್ಲಿ ನೋಡುವ ಮಾತು. ಮೈಸೂರಿನಲ್ಲಿ ನಾಲ್ಕು ಗಾಲಿಯ ಶೂ ಕಟ್ಟಿಕೊಂಡು ಹಾಡಿಗೆ ತಕ್ಕಂತೆ ಜಾರುತ್ತ ಕುಣಿಯಬೇಕು. ಮುಹೂರ್ತವಿದ್ದ ದಿನ ಅಲ್ಲಿ ತಾಳಿ ಕಟ್ಟುತ್ತಿದ್ದರು, ಇಲ್ಲದ ದಿನ ಶೂ ಕಟ್ಟುತ್ತಿದ್ದರು. ವೈಶಾಖದಲ್ಲಿ ಊಟದ ಪಂಕ್ತಿಯ ಸಾರಿನ ಜಿಡ್ಡಿಗೆ ಮಕ್ಕಳು ದಬದಬ ಬೀಳುತ್ತಿದ್ದರು. ಊರೆಲ್ಲ ಆಷಾಢ ಯಾವಾಗ ಮುಗಿದೀತು ಎಂದು ಕಾದರೆ, ಈ ಮಕ್ಕಳು ಮಾತ್ರ ಆಷಾಢ ಮುಗಿಯದಿರಲಪ್ಪ ಎಂದು ಬೇಡಿಕೊಳ್ಳುತ್ತಿದ್ದರು. ಮದುವೆಗಳಿಲ್ಲದ ಆ ಒಂದು ತಿಂಗಳು ನೆಲ ಪೂರ್ತಿ ಅವರದು.

ಜೋಡಿ ಸ್ಪರ್ಧೆ ಎಂದರೆ ಹುಡುಗ ಹುಡುಗಿ ಜೊತೆಯಾಗಿ ಜಾರಬೇಕು. ನಡುವೆ ಒಂದು ಕಡೆ ಹುಡುಗ ಹುಡುಗಿಯ ಸೊಂಟ ಹಿಡಿದು ತಲೆಯ ಮೇಲಕ್ಕೆತ್ತಿ, ಹಾಗೇ ಎರಡು ಸುತ್ತು ತಿರುಗಬೇಕು. ತೊಂಬತ್ತರ ದಶಕದ ಮೈಸೂರಿನಲ್ಲಿ ಯಾವ ತಾಯಿ ಇದಕ್ಕೆ ಒಪ್ಪಿಯಾಳು? ಹಾಗಾಗಿ ಊರಿನ ಕ್ಲಬ್ಬುಗಳಲ್ಲಿ ಯಾರೂ ಬರೆದಿಡದ ಒಂದು ಪದ್ಧತಿ ಬೆಳೆದಿತ್ತು: ಜೋಡಿ ಎಂದರೆ ಅಣ್ಣ ತಂಗಿ, ಇಲ್ಲವೇ ಅಕ್ಕ ತಮ್ಮ. ಒಡಹುಟ್ಟಿದವನಿಲ್ಲದ ಹುಡುಗಿ ಎಷ್ಟೇ ಚೆನ್ನಾಗಿ ಜಾರಿದರೂ ಒಂಟಿ. ಸರ್ವಮಂಗಳಾಳಿಗೆ ಅಣ್ಣನಿದ್ದ. ತೊಂಬತ್ತೊಂದರಿಂದ ತೊಂಬತ್ತಾರರವರೆಗೆ ರಾಜ್ಯದ ಜೋಡಿ ಸ್ಪರ್ಧೆಯಲ್ಲಿ ಮಹಾಂತೇಶ್–ಸರ್ವಮಂಗಳಾ ಒಂದನೆಯವರು, ತಪ್ಪಿದರೆ ಎರಡನೆಯವರು. ಅದಕ್ಕಿಂತ ಕೆಳಗೆ ಅವರು ಇಳಿದದ್ದೇ ಇಲ್ಲ.

ಅವರ ಕೈಯಲ್ಲಿ ವರ್ಷವರ್ಷವೂ ಸೋತವರು ಬನ್ನಿಮಂಟಪದ ವಿಜಯ್‌ಕುಮಾರ್ ಮತ್ತು ಅವನ ತಂಗಿ ಸುಷ್ಮಿತಾ. ಇವರ ಅಪ್ಪ ಹುಚ್ಚಣ್ಣ ಗಾರೆ ಕೆಲಸದ ಮೇಸ್ತ್ರಿ. ಒಂದು ದೊಡ್ಡ ಶಾಲೆಗೆ ಸಿಮೆಂಟಿನ ಅಂಗಳ ಹಾಕಿಕೊಟ್ಟು, ಅದರ ಮೇಲೆ ಮಕ್ಕಳು ಗಾಲಿ ಶೂ ಹಾಕಿಕೊಂಡು ತೇಲುವುದನ್ನು ನೋಡಿ ಮೈಮರೆತಿದ್ದ. ತನ್ನ ಮಕ್ಕಳನ್ನೂ ಬಿಡಿ ಎಂದು ಕೇಳಿದ್ದಕ್ಕೆ ಶಾಲೆಯವರು ಗೇಟು ತೋರಿಸಿದರು. ಸರಿ ಎಂದು ಮನೆಯ ಹಿಂದಿದ್ದ ಖಾಲಿ ಸೈಟಿನಲ್ಲಿ ಆಳುಗಳನ್ನು ಕರೆಯದೆ ತಾನೇ ಒಂದು ಅಂಗಳ ಹಾಕಿದ. ಒಂದು ದಿನವೂ ಗಾಲಿ ಕಟ್ಟದ ಈ ಮನುಷ್ಯನೇ ಮಕ್ಕಳಿಗೆ ಗುರು. ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಕದ ಗುಂಡನ್ನು ಮಗಳ ಬೆನ್ನ ಪಕ್ಕ ಇಳಿಬಿಟ್ಟು ‘ನೆಟ್ಟಗೆ ನಿಂತ್ಕೋ’ ಎನ್ನುತ್ತಿದ್ದ. ನೀವು ನಗಬಹುದು, ಆದರೆ ಆ ಹುಡುಗಿಯಷ್ಟು ನೆಟ್ಟಗೆ ರಾಜ್ಯದಲ್ಲಿ ಯಾರೂ ನಿಲ್ಲುತ್ತಿರಲಿಲ್ಲ.

ಎಲ್ಲ ಸರಿ, ಸ್ಪರ್ಧೆಯ ದಿನ ಎತ್ತುವ ವರಸೆಯೊಂದು ಕೈಕೊಡುತ್ತಿತ್ತು. ಮನೆಯ ಅಂಗಳದಲ್ಲಿ ಹೂವೆತ್ತಿದ ಹಾಗೆ ತಂಗಿಯನ್ನು ಎತ್ತುವ ವಿಜಯ್, ಹೊರಗೆ ಎಲ್ಲಿ ಹೋದರೂ ಅರ್ಧಕ್ಕೆ ತಡವರಿಸುತ್ತಿದ್ದ. ‘ದೃಷ್ಟಿಯಾಗಿದೆ’ ಎಂದು ಅವರಮ್ಮ ಸುಮಿತ್ರಮ್ಮ ಪ್ರತಿ ವರ್ಷ ಒಂದು ಬೂದುಗುಂಬಳಕಾಯಿ ಒಡೆಸುತ್ತಿದ್ದರು. ದೃಷ್ಟಿಯೂ ಅಲ್ಲ, ಅಂಜಿಕೆಯೂ ಅಲ್ಲ ಎಂದು ಲೋಕದಲ್ಲಿ ಗೊತ್ತಿದ್ದವರು ಇಬ್ಬರೇ, ಸರ್ವಮಂಗಳಾ ಮತ್ತು ಅವಳ ಅಣ್ಣ.

ತೊಂಬತ್ತಮೂರರಲ್ಲಿ ಎರಡು ಕ್ಲಬ್ಬುಗಳ ಒಂದು ಪಂದ್ಯ ಹುಚ್ಚಣ್ಣನ ಅಂಗಳದಲ್ಲಿ ನಡೆದಿತ್ತು. ಸರ್ವಮಂಗಳಾ ಕುಡಿಯುತ್ತಿದ್ದ ನೀರು ಚೆಲ್ಲಿತು. ಚೆಲ್ಲಿದ್ದು ನಿಲ್ಲಲಿಲ್ಲ, ಸರಸರನೆ ಮೂಲೆಯ ಮೋರಿಗೆ ಓಡಿತು. ಅವಳು ಅಣ್ಣನ ತೋಳು ಜಿಗುಟಿದಳು. ಮಳೆ ನೀರು ಹರಿದುಹೋಗಲೆಂದು ಸಿಮೆಂಟು ನೆಲವನ್ನು ಒಂದು ಕಡೆಗೆ ಕೊಂಚ ಇಳಿಜಾರಾಗಿ ಹಾಕುವುದಕ್ಕೆ ಮೇಸ್ತ್ರಿಗಳು ವಾಟ ಎನ್ನುತ್ತಾರೆ. ವಾಟ ಕೊಡದ ಮೇಸ್ತ್ರಿ ಮೇಸ್ತ್ರಿಯೇ ಅಲ್ಲ. ಹುಚ್ಚಣ್ಣ ಮಕ್ಕಳು ಜಾರುವ ಅಂಗಳಕ್ಕೂ ಮರೆಯದೆ ವಾಟ ಕೊಟ್ಟಿದ್ದ. ಮಕ್ಕಳು ಮೋರಿಯ ಕಡೆಗೆ ಜಾರುವಾಗ ವೇಗ ಪುಕ್ಕಟೆಯಾಗಿ ಸಿಗುತ್ತಿತ್ತು, ಆ ವೇಗದಲ್ಲೇ ಎತ್ತುವುದನ್ನು ಕಲಿತಿದ್ದರು. ಸಮನಾದ ನೆಲಕ್ಕೆ ಹೋದಾಗ ಆ ಪುಕ್ಕಟೆ ವೇಗ ಎಲ್ಲಿಂದ ಬರಬೇಕು?

ಅಣ್ಣ ತಂಗಿ ಅವತ್ತು ಮನೆಗೆ ಬರುವವರೆಗೂ ನಕ್ಕರು. ಯಾರಿಗೂ ಹೇಳಬಾರದೆಂದು ಮಾತಾಯಿತು. ಹೇಳಲೂ ಇಲ್ಲ.

ತೊಂಬತ್ತೇಳರಲ್ಲಿ ಮಹಾಂತೇಶನಿಗೆ ಕಡಕೊಳದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಬೆನ್ನಿಗೇ ಮದುವೆಯೂ ಆಯಿತು. “ಮಾವನ ಮನೆಯವರ ಮುಂದೆ ಗಾಲಿ ಕಟ್ಕೊಂಡು ಕುಣಿಯೋಕಾಗುತ್ತೇನೇ? ಮುಂದಿನ ವರ್ಷ ನೋಡೋಣ ಬಿಡು,” ಎಂದ. ಮುಂದಿನ ವರ್ಷವೂ ಅದೇ ಮಾತು. ಅಣ್ಣ ನಿಂತ ದಿನವೇ ತಂಗಿಯೂ ನಿಂತಂತೆ ಎಂದು ಇಡೀ ಊರು ತೀರ್ಮಾನಿಸಿತ್ತು, ಅವಳನ್ನು ಕೇಳಿದವರು ಮಾತ್ರ ಯಾರೂ ಇಲ್ಲ. ಅವಳು ಎರಡು ವರ್ಷ ಬೆಳಿಗ್ಗೆ ಬೆಳಿಗ್ಗೆ ಕಲ್ಯಾಣ ಮಂಟಪಕ್ಕೆ ಹೋಗಿ, ಪಕ್ಕದಲ್ಲಿ ಅಣ್ಣನಿದ್ದಾನೆಂದೇ ಕೈ ಚಾಚಿಕೊಂಡು, ಇಡೀ ಆಟವನ್ನು ಒಬ್ಬಳೇ ಜಾರುತ್ತಿದ್ದಳು. ನೋಡಿದವರಿಗೆ ಕರುಳು ಚುರುಕ್ ಎನ್ನಬೇಕು. ದೊರೆಸ್ವಾಮಿಯವರಿಗೆ ಅನ್ನಲಿಲ್ಲ.

“ಸರ್, ದೊಡ್ಡ ಮಕ್ಕಳಿಗೆ ನಾನು ಹೇಳ್ಕೊಡ್ಲಾ?” ಎಂದು ಒಂದು ದಿನ ಬಾಯಿಬಿಟ್ಟು ಕೇಳಿದಳು.

“ನೀನು ಪುಟ್ಟ ಮಕ್ಕಳ ಲೇಸ್ ಕಟ್ಕೊಂಡಿರಮ್ಮ, ಸಾಕು,” ಎಂದರು ಮೇಷ್ಟ್ರು. “ಕೋಚ್ ಅನ್ನೋದು ಜವಾಬ್ದಾರಿ ಕೆಲಸ. ನಾಳೆ ಮದುವೆ ಆಗಿ ಹೋಗೋಳು ನೀನು.”

ಆರು ವರ್ಷ ಕ್ಲಬ್ಬಿಗೆ ಕಪ್ ತಂದುಕೊಟ್ಟವಳಿಗೆ ಕೊನೆಗೆ ಸಿಕ್ಕಿದ್ದು ಲೇಸು. ಈ ಉಂಡ ಮನೆಯ ಊಟ ಇಷ್ಟು.

ತೊಂಬತ್ತೊಂಬತ್ತರ ಫೆಬ್ರವರಿಯಲ್ಲಿ, ಸುಷ್ಮಿತಾ ಅಣ್ಣನೊಂದಿಗೆ ಇನ್ನೊಮ್ಮೆ ಸೋತು ಬಂದ ಮಾರನೆಯ ವಾರ, ಒಬ್ಬಳೇ ಬಸ್ಸು ಹತ್ತಿ ಸಿದ್ದಮಲ್ಲಪ್ಪನವರ ಮನೆಗೆ ಬಂದಳು. ಸರ್ವಮಂಗಳಾಳ ತಾಯಿ ಗಿರಿಜಾಂಬಾ ಕಾಫಿ ಕೊಟ್ಟರು. ಹುಡುಗಿ ಲೋಟ ಕೆಳಗಿಟ್ಟು ನೇರವಾಗಿ ವಿಷಯಕ್ಕೆ ಬಂದಳು.

“ಮಂಗಳಕ್ಕಾ, ನಮಗೆ ಹೇಳ್ಕೊಡ್ತೀರಾ?”

“ನಾನಾ? ನಿಮಗಾ?”

“ಇಷ್ಟು ವರ್ಷ ನಮ್ಮನ್ನ ಸೋಲಿಸಿದ್ದೀರ. ನಾವು ಎಲ್ಲಿ ಸೋಲ್ತೀವಿ ಅಂತ ನಮಗಿಂತ ನಿಮಗೇ ಚೆನ್ನಾಗಿ ಗೊತ್ತಿರ್ಬೇಕು ಅಲ್ವಾ ಅಕ್ಕ?”

ಸರ್ವಮಂಗಳಾಳ ಮುಖ ಬಿಸಿಯಾಯಿತು. ಹುಡುಗಿ ಕುಹಕದಿಂದ ಕೇಳಿದ್ದಲ್ಲ, ನಂಬಿ ಕೇಳಿದ್ದು. ಅದೇ ಅವಳನ್ನು ಚುಚ್ಚಿತು. ನಾಳೆ ಬರುತ್ತೇನೆ ಎಂದಳು.

ಸಂಜೆ ಮಂಡಿಯಿಂದ ಬಂದ ಸಿದ್ದಮಲ್ಲಪ್ಪನವರು ಕೂಗಾಡಿದರು. “ಎದುರಾಳಿ ಮನೆ ಬಾಗಿಲಿಗೆ ಹೋಗಿ ಪಾಠ ಹೇಳ್ತೀಯಾ? ದೊರೆಸ್ವಾಮಿ ಮೇಷ್ಟ್ರಿಗೆ ನಾನು ಏನಂತ ಮುಖ ತೋರಿಸ್ಲಿ?”

“ನನ್ನ ಬಾಗಿಲಿಗೆ ಬಂದು ಕೇಳ್ದೋರು ಅವರೊಬ್ಬರೇ ಅಪ್ಪಾಜಿ.”

ಅಪ್ಪ ಮಾತು ಬಿಟ್ಟರು. ಅವಳು ಊಟ ಬಿಡಲಿಲ್ಲ, ಬೆಳಗಿನ ಬಸ್ಸನ್ನೂ ಬಿಡಲಿಲ್ಲ.

ಬನ್ನಿಮಂಟಪದ ಅಂಗಳದಲ್ಲಿ ಅಣ್ಣ ತಂಗಿ ಆಡಿ ತೋರಿಸಿದರು. ಎತ್ತುವ ವರಸೆ ಲೀಲಾಜಾಲ. ಸರ್ವಮಂಗಳಾ ಸುಮಿತ್ರಮ್ಮನವರಿಂದ ಒಂದು ಚೆಂಬು ನೀರು ಕೇಳಿ ಪಡೆದು ಅಂಗಳದ ನಡುವೆ ಸುರಿದಳು. ನೀರು ಮೋರಿಗೆ ಓಡಿತು. ಹುಚ್ಚಣ್ಣನ ಮುಖ ಅರಳಿತು.

“ನೋಡುದ್ರಾ ಎಂಗೆ ಓಡ್ತದೆ! ಎಂಥಾ ಮಳೆ ಬಂದ್ರೂ ಒಂದು ತೊಟ್ಟು ನಿಲ್ಲಕಿಲ್ಲ ಕಣಮ್ಮ.”

“ಹುಚ್ಚಣ್ಣನವರೇ, ನಿಮ್ಮ ಮಕ್ಕಳನ್ನ ಸೋಲಿಸ್ತಿರೋದು ಇದೇ. ಈ ನೆಲ.”

ಮೇಸ್ತ್ರಿಯ ಮುಖ ಗಂಟಾಯಿತು. “ಕುಣೀಲಾರ್ದೋರು ನೆಲ ಡೊಂಕು ಅಂದ್ರಂತೆ. ಅಂಗಾಯ್ತು ನಿಮ್ಮ ಮಾತು.”

“ಇವರಿಗೆ ಕುಣಿಯೋಕೆ ಬರುತ್ತೆ. ಅದಕ್ಕೇ ಹೇಳ್ತಿದ್ದೀನಿ, ನೆಲವೇ ಡೊಂಕು.” ಅವಳು ವಾಟದ ಕಥೆ, ಪುಕ್ಕಟೆ ವೇಗದ ಕಥೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅಲ್ಲಿಗೆ ನಿಲ್ಲಿಸಿದ್ದರೆ ಜಾಣೆ ಎನ್ನಿಸಿಕೊಳ್ಳುತ್ತಿದ್ದಳು. ನಿಲ್ಲಿಸಲಿಲ್ಲ. “ನನಗಿದು ಆರು ವರ್ಷದಿಂದ ಗೊತ್ತು. ಗೊತ್ತಿದ್ದೂ ಹೇಳ್ಲಿಲ್ಲ. ಹೇಳಿದ್ರೆ ನೀವು ನಮ್ಮನ್ನ ಸೋಲಿಸ್ತಿದ್ರಿ.”

ಸುಮಿತ್ರಮ್ಮ ಮೆಲ್ಲಗೆ, “ಆರು ಕುಂಬಳಕಾಯಿ ಒಡೆಸ್ಬುಟ್ಟೆ ನಾನು,” ಎಂದರು. ವಿಜಯ್ ಶೂ ಕಳಚಿ ಒಂದು ಮೂಲೆಗೆಸೆದ. ಹುಚ್ಚಣ್ಣ ಬೀದಿಯ ಕಡೆ ಕೈ ತೋರಿಸಿ, “ನಡೀರಿ ಆಚೆಗೆ,” ಎಂದ.

“ಹೋಗಲ್ಲ,” ಎಂದಳು ಸರ್ವಮಂಗಳಾ. ನಿಂತ ಜಾಗ ಬಿಡಲಿಲ್ಲ. “ಎಷ್ಟು ಬೇಕೋ ಬೈಯಿರಿ. ಬೈದಾದ ಮೇಲೆ ಕೆಲಸ ಶುರು ಮಾಡೋಣ.”

ಹುಚ್ಚಣ್ಣ ಬೈದ. ಗಾರೆ ಕೆಲಸದವರ ಬೈಗುಳ ಸಾಮಾನ್ಯವೇ? ಅದೆಲ್ಲ ಇಲ್ಲಿ ಬೇಡ. ಬೈದು ಸುಸ್ತಾದ ಮೇಲೆ ಒಳಗೆ ಹೋಗಿ ರಸಮಟ್ಟ ತಂದ. ಮರದ ಪಟ್ಟಿಯೊಳಗೆ ಗಾಜಿನ ಕೊಳವೆ, ಅದರಲ್ಲಿ ಒಂದು ಗುಳ್ಳೆ. ನೆಲ ಸಮವಾಗಿದ್ದರೆ ಗುಳ್ಳೆ ನಡುವೆ ನಿಲ್ಲುತ್ತದೆ. ಅಂಗಳದ ಮೇಲಿಟ್ಟ. ಗುಳ್ಳೆ ಒಂದು ಬದಿಗೆ ಓಡಿತು. ಓಡುತ್ತದೆಂದು ಅವನಿಗೆ ಗೊತ್ತಿರಲಿಲ್ಲವೇ? ಓಡಲೆಂದೇ ಹಾಕಿದ ನೆಲ ಅದು. ಆದರೂ ಆ ಮನುಷ್ಯ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತು ಆ ಗುಳ್ಳೆಯನ್ನೇ ನೋಡಿದ.

“ನಾನೇ ನನ್ ಮಕ್ಳುನ್ನ ಸೋಲಿಸ್ಬುಟ್ನಲ್ಲಮ್ಮ,” ಎಂದ.

ಮೂರನೆಯ ದಿನ ಸಿಮೆಂಟು ಬಂತು. ಮೂವತ್ತು ವರ್ಷದ ಕಸುಬಿನಲ್ಲಿ ಹುಚ್ಚಣ್ಣ ವಾಟವಿಲ್ಲದ ನೆಲ ಹಾಕಿದ್ದು ಅದೇ ಮೊದಲು. ಅಡಿಗಡಿಗೆ ರಸಮಟ್ಟ ಇಟ್ಟು ನೋಡಿ, ಹತ್ತು ದಿನ ಉಜ್ಜಿ, ಕನ್ನಡಿಯಷ್ಟು ಸಮ ಮಾಡಿದ. ಅಕ್ಕಪಕ್ಕದ ಮೇಸ್ತ್ರಿಗಳು ಬಂದು ನೋಡಿ, “ಏನ್ ಹುಚ್ಚಣ್ಣ, ಹೆಸರಿಗೆ ತಕ್ಕಂಗೆ ಆಗೋದಾ?” ಎಂದು ನಕ್ಕರು. ಆಷಾಢದ ಮಳೆ ಬಂದಾಗ ಅಂಗಳ ಕೆರೆಯಾಯಿತು. ಬೆಳಿಗ್ಗೆ ಎದ್ದರೆ ಮನೆಮಂದಿಯೆಲ್ಲ ಪೊರಕೆ, ಗೋಣಿಚೀಲ ಹಿಡಿದು ನೀರು ಬಳಿಯುವುದೇ ಕೆಲಸ. ಸರ್ವಮಂಗಳಾ ಸೀರೆ ಎತ್ತಿಕಟ್ಟಿ ಅವರೊಂದಿಗೆ ತಾನೂ ಬಳಿಯುತ್ತಿದ್ದಳು. ವಿಜಯ್ ಮೊದಲ ತಿಂಗಳು ಅವಳೊಂದಿಗೆ ಮಾತಾಡಲಿಲ್ಲ. ಹೇಳಿದ್ದನ್ನು ಮಾಡುತ್ತಿದ್ದ, ಅಷ್ಟೆ. ಅವಳಿಗೆ ಅಷ್ಟು ಸಾಕಾಗಿತ್ತು.

ಹೊಸ ನೆಲದಲ್ಲಿ ಎತ್ತುವ ವರಸೆ ಪೂರ್ತಿ ಕೆಟ್ಟಿತು. ಸುಷ್ಮಿತಾ ದಿನಕ್ಕೆ ಹತ್ತು ಸಲ ಬಿದ್ದಳು. ‘ವೇಗ ನೆಲದಲ್ಲಿ ಇಲ್ಲ, ನಿನ್ನ ಮಂಡಿಯಲ್ಲಿದೆ, ಅಲ್ಲಿಂದ ತೆಗಿ’ ಎಂದು ಸರ್ವಮಂಗಳಾ ವಿಜಯನ ಪಕ್ಕದಲ್ಲೇ ಜಾರುತ್ತ ಕಿರುಚುತ್ತಿದ್ದಳು. ಅಣ್ಣ ಏನೇನು ಮಾಡುತ್ತಿದ್ದನೋ ಅದನ್ನೆಲ್ಲ ಅವಳ ಮೈ ಬಲ್ಲದು. ಅವನ ಕಾಲಿನ ಕೆಲಸವನ್ನು ತಾನೇ ಮಾಡಿ ತೋರಿಸಿದಳು. ಬೇರೆ ಮನೆಯ ಹುಡುಗನ ಪಕ್ಕ ಹೀಗೆ ಜಾರುತ್ತಾಳೆಂದು ಮಾತು ಬಂತು. ಬಂದ ದಾರಿಯಲ್ಲೇ ಹೋಗಲಿ ಎಂದು ಬಿಟ್ಟಳು. ದಸರೆಯ ಹೊತ್ತಿಗೆ ಸುಷ್ಮಿತಾ ಮೇಲೆದ್ದು ಎರಡು ಸುತ್ತು ತಿರುಗಿ ಕೆಳಗಿಳಿದಳು. ಒಂದು ಸಲವಲ್ಲ, ಐದು ಸಲ. ತಾನು ಗೆದ್ದ ದಿನಗಳಲ್ಲೂ ಸರ್ವಮಂಗಳಾಳಿಗೆ ಅಂಥ ಸಂತೋಷ ಆಗಿರಲಿಲ್ಲ.

ಇತ್ತ ದೊರೆಸ್ವಾಮಿಯವರಿಗೆ ಸುದ್ದಿ ಮುಟ್ಟಿತು. ಅವರು ಕ್ಲಬ್ಬಿನ ಗುಟ್ಟು ಹೊರಗೆ ಹೊತ್ತುಕೊಂಡು ಹೋದಳೆಂದು ಊರೆಲ್ಲ ಸಾರಿದರು. ಕಲ್ಯಾಣ ಮಂಟಪದೊಳಗೆ ಅವಳು ಕಾಲಿಡಕೂಡದೆಂದು ಅಪ್ಪಣೆಯೂ ಆಯಿತು. ಗುಟ್ಟಂತೆ! ಹುಚ್ಚಣ್ಣನ ನೆಲ ಹುಚ್ಚಣ್ಣನದು, ಅದರ ಗುಟ್ಟು ದೊರೆಸ್ವಾಮಿಯವರದ್ದು ಹೇಗಾಯಿತೋ ಆ ಚಾಮುಂಡಿಯೇ ಬಲ್ಲಳು.

ಎರಡು ಸಾವಿರದ ಇಸವಿಯ ಜನವರಿಯಲ್ಲಿ ರಾಜ್ಯದ ಸ್ಪರ್ಧೆ ಮೈಸೂರಿನಲ್ಲೇ, ಒಂದು ಕಾಲೇಜಿನ ಒಳಾಂಗಣದಲ್ಲಿ ನಡೆಯಿತು. ಆಟದ ನೆಲದ ಸುತ್ತ ಹಗ್ಗ ಕಟ್ಟಿ, ಆಟಗಾರರನ್ನೂ ಕೋಚ್‌ಗಳನ್ನೂ ಮಾತ್ರ ಒಳಗೆ ಬಿಡುತ್ತಿದ್ದರು. ಬೆಳಿಗ್ಗೆ ಹೆಸರು ಬರೆಸುವ ಮೇಜಿನ ಹಿಂದೆ ಸಂಘದ ಕಾರ್ಯದರ್ಶಿ ದಾಕ್ಷಾಯಣಮ್ಮ ಕನ್ನಡಕ ಏರಿಸಿ ಕೂತಿದ್ದರು. ಸರ್ವಮಂಗಳಾ ತನ್ನ ಹೆಸರು ಹೇಳಿದಳು.

“ಏನಮ್ಮ ಇದು? ಬನ್ನಿಮಂಟಪದ ಜೋಡಿಗೆ ಕೋಚ್ ಅಂತ ನಿನ್ನ ಹೆಸರಿದೆ. ವಿದ್ಯಾರಣ್ಯಪುರಂ ಕ್ಲಬ್ಬಿನ ಜೋಡಿಯಲ್ಲೂ ನಿನ್ನ ಹೆಸರಿದೆ, ಮಹಾಂತೇಶ್–ಸರ್ವಮಂಗಳಾ ಅಂತ. ಎರಡೂ ಆಗಲ್ಲ.”

ಅವಳು ತಿರುಗಿ ನೋಡಿದಳು. ಹಿಂದೆ ಮಹಾಂತೇಶ್ ನಿಂತಿದ್ದ. ಹೆಗಲ ಮೇಲೆ ಲೇಸು ಗಂಟು ಹಾಕಿದ ಹಳೆಯ ಸ್ಕೇಟ್ಸ್, ಕೈಯಲ್ಲಿ ಅವಳ ಸ್ಕೇಟ್ಸ್. ಅವನ ಪಕ್ಕದಲ್ಲಿ ದೊರೆಸ್ವಾಮಿ.

“ಎರಡು ತಿಂಗಳಿಂದ ಶಿಫ್ಟ್ ಮುಗಿಸ್ಕೊಂಡು ಬಂದು ಮೇಷ್ಟ್ರ ಹತ್ರ ಪ್ರ್ಯಾಕ್ಟೀಸ್ ಮಾಡಿದ್ದೀನಿ ಕಣೇ,” ಎಂದ ಅಣ್ಣ. “ಹಳೇ ಆಟನೇ. ಕಾಲು ಮರೆಯಲ್ಲ. ನೀನು ಕಾಯ್ತಿದ್ದೆ ಅಂತ ನನಗೆ ಗೊತ್ತು. ಬಾ, ಆಡೋಣ.”

“ಅಪ್ಪಾಜಿಗೂ ಸಮಾಧಾನ ಆಗುತ್ತಮ್ಮ,” ಎಂದರು ದೊರೆಸ್ವಾಮಿ. “ಆದದ್ದಾಯ್ತು, ನಾನು ಮನಸ್ಸಿನಲ್ಲಿ ಇಟ್ಕೊಳ್ಳಲ್ಲ.”

ಅವರು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲವಂತೆ! ಎಂಥ ಉದಾರಿ. ಬನ್ನಿಮಂಟಪದ ಜೋಡಿ ಅಭ್ಯಾಸದಲ್ಲಿ ಹೇಗೆ ಎತ್ತುತ್ತಿದೆಯೆಂದು ಅವರು ದಸರೆಯಾದ ಬೆನ್ನಿಗೇ ಕಣ್ಣಾರೆ ನೋಡಿದ್ದರೆನ್ನುವುದನ್ನು ಮಾತ್ರ ಹೇಳಲಿಲ್ಲ.

ಸುಳ್ಳು ಏಕೆ ಹೇಳಬೇಕು, ಸರ್ವಮಂಗಳಾಳ ಕೈ ತಾನಾಗಿ ಆ ಸ್ಕೇಟ್ಸ್ ಕಡೆಗೆ ಹೋಯಿತು. ಎರಡೂವರೆ ವರ್ಷ ಅವಳು ಬೇರೇನನ್ನೂ ಬೇಡಿರಲಿಲ್ಲ. ಅವಳಿಗೆ ಇಪ್ಪತ್ತಮೂರು ವರ್ಷ, ಮೈಯಲ್ಲಿ ಇನ್ನೂ ಐದು ವರ್ಷದ ಆಟವಿತ್ತು. ಆಚೆ ಮೂಲೆಯಲ್ಲಿ ಸುಷ್ಮಿತಾ ಶೂ ಕಟ್ಟುವುದನ್ನು ನಿಲ್ಲಿಸಿ ಇತ್ತಲೇ ನೋಡುತ್ತಿದ್ದಳು. ಕರೆಯಲಿಲ್ಲ, ಬೇಡಲಿಲ್ಲ, ಅವಳಪ್ಪ ಕಲಿಸಿದ ಹಾಗೆ ನೆಟ್ಟಗೆ ಕೂತಿದ್ದಳು.

“ಮೇಡಂ, ಕೋಚ್ ಆಗಿ ಹಗ್ಗದ ಒಳಗೆ ನಿಂತ್ಕೋಬೇಕು ಅಂದ್ರೆ ನಾನೇನು ಮಾಡ್ಬೇಕು?” ಎಂದು ಕೇಳಿದಳು.

ದಾಕ್ಷಾಯಣಮ್ಮ ಒಂದು ಹಾಳೆ ಮುಂದೆ ತಳ್ಳಿದರು. “ನಿವೃತ್ತಿ ಪತ್ರ. ಆಟಗಾರ್ತಿಯಾಗಿ ಇನ್ನು ಯಾವತ್ತೂ ಸ್ಪರ್ಧೆಗೆ ಇಳಿಯಲ್ಲ ಅಂತ ಬರೆದು ಸಹಿ ಹಾಕ್ಬೇಕು. ಒಂದು ಸಲ ಹಾಕಿದ್ರೆ ಮುಗೀತು, ವಾಪಸ್ ತಗೊಳ್ಳೋಕಾಗಲ್ಲ. ಯೋಚನೆ ಮಾಡಮ್ಮ.”

“ಮಂಗಳಾ, ಹುಚ್ಚುಚ್ಚಾಗಿ ಆಡ್ಬೇಡ,” ಎಂದ ಮಹಾಂತೇಶ್.

ಅವಳು ಅಣ್ಣನ ಕಡೆ ತಿರುಗಿದಳು. “ಎರಡು ವರ್ಷ ಖಾಲಿ ಕೈ ಚಾಚ್ಕೊಂಡು ಜಾರಿದ್ದೀನಿ ಅಣ್ಣ. ಒಂದು ದಿನ ಬಂದು ನೋಡಿದ್ಯಾ? ನನಗೋಸ್ಕರ ಬಂದಿದ್ರೆ ಆವಾಗ್ಲೇ ಬರ್ತಿದ್ದೆ. ಈಗ ಬಂದಿರೋದು ಬನ್ನಿಮಂಟಪದೋರನ್ನ ತಡೆಯೋಕೆ.” ದೊರೆಸ್ವಾಮಿಯವರನ್ನೂ ಬಿಡಲಿಲ್ಲ. “ಸರ್, ನನ್ನನ್ನ ಕೇಳ್ದೆ ನನ್ನ ಹೆಸರು ಬರೆದಿದ್ದೀರ. ನನ್ನ ಹೆಸರು ನಾನೇ ಬರೀತೀನಿ.”

ಬರೆದಳು. ಪೆನ್ನು ಒಮ್ಮೆ ನಿಂತಿತು, ಕಣ್ಣಲ್ಲಿ ನೀರು ಬಂದು ಅಕ್ಷರ ಮಸುಕಾಗಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಪೂರ್ತಿ ಹೆಸರು ಬರೆದು, ಹಾಳೆ ಹಿಂದಕ್ಕೆ ಕೊಟ್ಟು, ಹಗ್ಗ ದಾಟಿ ಒಳಗೆ ಹೋದಳು. ಮಹಾಂತೇಶ್ ಎರಡು ಜೊತೆ ಸ್ಕೇಟ್ಸ್ ಹಿಡಿದುಕೊಂಡು ಪ್ರೇಕ್ಷಕರ ಬೆಂಚಿನಲ್ಲಿ ಕೂತ. ದೊರೆಸ್ವಾಮಿ ಅಲ್ಲಿ ನಿಲ್ಲಲಿಲ್ಲ.

ವಿಜಯ್ ಮತ್ತು ಸುಷ್ಮಿತಾ ಏಳನೆಯವರಾಗಿ ಇಳಿದರು. ಹಾಡು ಅರ್ಧಕ್ಕೆ ಬಂದಾಗ ವಿಜಯ್ ಮಂಡಿ ಬಗ್ಗಿಸಿದ. ಸುಮಿತ್ರಮ್ಮ ಕಣ್ಣು ಮುಚ್ಚಿಕೊಂಡರು. ಸುಷ್ಮಿತಾ ಮೇಲೆದ್ದಳು. ಒಂದು ಸುತ್ತು, ಎರಡು ಸುತ್ತು. ಅಲ್ಲಾಡಲಿಲ್ಲ. ಇಳಿದು ಮುಂದಕ್ಕೆ ಜಾರಿದಾಗ ಹುಚ್ಚಣ್ಣ ಎಲ್ಲಿದ್ದೇನೆಂಬುದನ್ನೇ ಮರೆತು ಪಕ್ಕದಲ್ಲಿದ್ದ ಪೊಲೀಸಿನವನನ್ನು ತಬ್ಬಿಕೊಂಡುಬಿಟ್ಟ. ಬೆಂಗಳೂರಿನ ಜೋಡಿಗೆ ಕೂದಲೆಳೆಯ ಅಂತರದಲ್ಲಿ ಮೊದಲ ಸ್ಥಾನ ಸಿಕ್ಕಿತು, ಇವರಿಗೆ ಎರಡನೆಯದು. ರಾಷ್ಟ್ರಮಟ್ಟಕ್ಕೆ ಎರಡೂ ಜೋಡಿ ಹೋಗಬಹುದು. ವಿಜಯ್ ಪದಕ ಹಾಕಿಕೊಂಡು ನೇರ ಸರ್ವಮಂಗಳಾಳ ಬಳಿ ಬಂದು, ಬಗ್ಗಿ ಅವಳ ಪಾದ ಮುಟ್ಟಿದ. ಅವನು ಅವಳಿಗಿಂತ ಒಂದು ವರ್ಷ ದೊಡ್ಡವನು. “ಎದ್ದೇಳಪ್ಪ, ನೋಡಿದೋರು ನಗ್ತಾರೆ,” ಎಂದು ಗದರಿದಳು.

ಜನ ಕರಗಿದ ಮೇಲೆ ಮಹಾಂತೇಶ್ ಹಗ್ಗದ ಹತ್ತಿರ ಬಂದ. ಸಿಟ್ಟು ಇಳಿದಿತ್ತು, ಒಂದು ಪ್ರಶ್ನೆ ಉಳಿದಿತ್ತು.

“ಇವತ್ತು ನಾವು ಇಳಿದಿದ್ರೆ ಅವರನ್ನ ಸೋಲಿಸ್ತಿದ್ವಾ ಮಂಗಳಾ?”

“ಇಲ್ಲ ಕಣಣ್ಣ,” ಎಂದಳು ಸರ್ವಮಂಗಳಾ. “ಸೋತು ಮನೆಗೆ ಹೋಗ್ತಿದ್ವಿ. ಅಷ್ಟು ಚೆನ್ನಾಗಿ ಕಲಿಸಿದ್ದೀನಿ.”